ರಾಗಿ ನಮ್ಮದು, ಪಾಯಿಂಟು ಅವರದು

ಒಂದು ಸಂಶೋಧನಾ ಪತ್ರಿಕೆಯ ಒಂದೇ ಸಂಚಿಕೆ. ಮೊದಲ ಲೇಖನ ಸಣ್ಣ ರಾಗಿ ಬೆಳೆಗಾರರ ಸಮಸ್ಯೆ. ಎರಡನೆಯದು ಎಲೆ ಕಷಾಯದಿಂದ ಬೆಳ್ಳಿಯ ನ್ಯಾನೋ ಕಣ. ಮೂರನೆಯದು ಸಂಖ್ಯಾಶಾಸ್ತ್ರ, ಬರೆದವರಿಗೇ ಅರ್ಥವಾಗಿರಲಿಕ್ಕಿಲ್ಲ ಎಂಬ ಗುಮಾನಿ ಹುಟ್ಟಿಸುವಂಥದ್ದು. ನಾಲ್ಕನೆಯದು ಪದವಿ ವಿದ್ಯಾರ್ಥಿಗಳಲ್ಲಿ ಓದುವ ಹವ್ಯಾಸ ಮತ್ತು ಗ್ರಂಥಾಲಯ ಬಳಕೆ. ಐದನೆಯದು ವಚನಗಳಲ್ಲಿ ಮ್ಯಾನೇಜ್‌ಮೆಂಟ್. ರಟ್ಟಿನ ಮೇಲೆ ಭೂಗೋಳದ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಂತರರಾಷ್ಟ್ರೀಯ'.

ಭೂಗೋಳದ ಚಿತ್ರ ಇದ್ದ ಮೇಲೆ ಅಂತರರಾಷ್ಟ್ರೀಯವೇ. ಅನುಮಾನ ಪಡಬಾರದು.

ಈ ಐದನ್ನೂ ಓದಿ, ತೂಗಿ, ಇದು ಸರಿ ಇದು ತಪ್ಪು ಎನ್ನಬಲ್ಲ ಸಂಪಾದಕ ನಿಜಕ್ಕೂ ಇದ್ದರೆ ಅವನಿಗೆ ಗುಡಿ ಕಟ್ಟಿಸಬೇಕು. ಆ ಖರ್ಚು ಬೇಡ. ಅವನು ಓದಿಲ್ಲ. ಅವನ ಕೆಲಸ ಹಣ ಜಮಾ ಆಯಿತೇ ಎಂದು ನೋಡುವುದು. ಓದಬೇಕಾದ ತಜ್ಞರೂ ಓದಿಲ್ಲ. ಜೊತೆಗೆ ಹೆಸರು ಹಾಕಿಸಿಕೊಂಡ ಗೈಡ್ ಓದಿಲ್ಲ. ಬಡ್ತಿ ಕೊಡುವ ಸಮಿತಿ ಶೀರ್ಷಿಕೆ ಎಣಿಸಿತು, ಓದಲಿಲ್ಲ. ಅಂಥ ಸಂಚಿಕೆಯಲ್ಲಿ ಒಂದು ಲೇಖನ, ಯುವಜನ ಓದುತ್ತಿಲ್ಲವಲ್ಲ ಎಂದು ಕಣ್ಣೀರು ಹಾಕುತ್ತದೆ.

ಇಂಥ ಸಾಹಿತ್ಯದಲ್ಲಿ ನಮ್ಮ ತಿಪ್ಪಸಂದ್ರದಂಥ ಹೋಬಳಿಗಳಿಗೆ ಒಂದು ಖಾಯಂ ಹುದ್ದೆ ಇದೆ. ನಾವು 'ಅಧ್ಯಯನ ಪ್ರದೇಶ'. ಊರು ಅಂದರೆ ಊರಲ್ಲ, ಸ್ಯಾಂಪಲ್.

ಯಾವ ತಿಪ್ಪಸಂದ್ರ ಎಂದು ಮೊದಲೇ ಹೇಳಿಬಿಡಬೇಕು. ಮೊಬೈಲಿನಲ್ಲಿ ಹುಡುಕಿದವರು ಬೆಂಗಳೂರಿನ ಎಚ್ಎಎಲ್ ಪಕ್ಕದ ತಿಪ್ಪಸಂದ್ರಕ್ಕೆ ಹೋಗಿ ಇಳಿಯುತ್ತಾರೆ. ಅಲ್ಲಿ ವಿಮಾನ ಕಟ್ಟುತ್ತಾರೆ. ಆ ಸೀಮೆಯಲ್ಲೇ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಇದೆ. ಹಗುರ ಯುದ್ಧವಿಮಾನಕ್ಕೆ ಬೇಕಾದ ಕಾರ್ಬನ್ ಫೈಬರ್ ಭಾಗಗಳ ಕೆಲಸ ಅಲ್ಲಿ ನಡೆದಿದೆ. ಅದು ವಸ್ತುವಿಜ್ಞಾನ ಇರುವ ತಿಪ್ಪಸಂದ್ರ. ನಮ್ಮದು ಮಾಗಡಿ ತಾಲ್ಲೂಕಿನದು. ಇಲ್ಲಿ ರಾಗಿ, ಅವರೆ, ಮಾವು, ಹಾಲಿನ ಡೇರಿ. ಮತ್ತೆ ಪ್ರಶ್ನಾವಳಿ.

ಪ್ರಶ್ನಾವಳಿ ಬರುವ ಕಾಲ ಗೊತ್ತಿದೆ. ಪಿಎಚ್‌.ಡಿ. ಗಡುವು ಹತ್ತಿರ ಬಂದಾಗ. ಹುಡುಗ ಅರಳಿಕಟ್ಟೆಗೆ ಬರುತ್ತಾನೆ. ಬಿಸಿಲಲ್ಲಿ ಬಂದಿರುತ್ತಾನೆ, ಪಾಪ.

"ಯಜಮಾನ್ರೇ, ಐದೇ ನಿಮಿಷ. ಕೃಷಿ ಮಾಹಿತಿ ಸೇವೆಗಳ ಬಗ್ಗೆ ನಿಮ್ಮ ತೃಪ್ತಿಯ ಮಟ್ಟ. ಅತ್ಯಂತ ತೃಪ್ತಿ, ತೃಪ್ತಿ, ತಟಸ್ಥ, ಅತೃಪ್ತಿ, ಅತ್ಯಂತ ಅತೃಪ್ತಿ. ಯಾವ್ದು ಹಾಕ್ಲಿ?"

"ಹಂದಿ ಕಾಟ ವಿಪರೀತ ಆಗದೆ ಕನಪ್ಪ. ಅದ್ನ ಬರ್ಕೊ."

"ಅದಕ್ಕೆ ಕಾಲಂ ಇಲ್ಲ ಯಜಮಾನ್ರೇ."

"ಹಂಗಾರೆ ನೀನೇ ಏನಾರ ತುಂಬ್ಕೊ ಮಗ."

ಅವನು ತುಂಬಿಕೊಳ್ಳುತ್ತಾನೆ. ರಾತ್ರಿಯಿಡೀ ಹಂದಿ ಓಡಿಸಿ ಕಣ್ಣು ಕೆಂಪಾದ ಮನುಷ್ಯ ಪೇಪರಿನಲ್ಲಿ 'ತಟಸ್ಥ'.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಇಂಥದೇ ಊರಿನವನು. ಅವನಪ್ಪನ ಹೊಲಕ್ಕೂ ಹಂದಿ ನುಗ್ಗುತ್ತದೆ. ಅದನ್ನು ಕೇಳಬಾರದು ಎಂದು ಕಲಿಸಿಕೊಟ್ಟು ಕಳಿಸಿದವರು ಬೇರೆ. ಪ್ರಶ್ನಾವಳಿ ಯಾವುದೋ ಹಳೇ ಥೀಸಿಸ್‌ನಿಂದ ಇಳಿಸಿದ್ದು, ಆ ಥೀಸಿಸ್ ಇನ್ನೊಂದರಿಂದ. ಮೂಲ ಪ್ರಶ್ನೆ ಯಾವ ದೇಶದ ಯಾವ ರೈತನಿಗೆ ಕೇಳಿದ್ದೋ ಯಾರಿಗೆ ಗೊತ್ತು. ಅವನ ಹೊಲದಲ್ಲಿ ಹಂದಿ ಇರಲಿಲ್ಲ, ಅಷ್ಟು ಖಾತ್ರಿ.

ಆಮೇಲೆ ಸಂಖ್ಯಾಶಾಸ್ತ್ರದ ಸರದಿ. ತುಂಬಿಕೊಂಡ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಕೈ ಸ್ಕ್ವೇರ್ ಪರೀಕ್ಷೆ. ಬರೀ ಆಕಸ್ಮಿಕವಾಗಿ ಇಂಥ ಫಲ ಬರುವ ಸಂಭವ ಎಷ್ಟು ಎನ್ನುವ ಪಿ ಬೆಲೆ 0.05ಕ್ಕಿಂತ ಕಡಿಮೆ. ಗಣನೀಯ! ಬರದಿದ್ದರೆ? ಬರುವ ತನಕ ಕಾಲಂ ಕೂಡಿಸುತ್ತಾರೆ, ಕಳೆಯುತ್ತಾರೆ. ಮನಸ್ಸಿದ್ದಲ್ಲಿ ಗಣನೀಯ.

ಈ 0.05 ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದ್ದಾರೆಯೇ? ಹೊಲದಿಂದಲೇ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರಕ್ಕೆ ಕೆಲಸಕ್ಕೆ ಸೇರಿದರು. ಅಲ್ಲಿ 1843ರಿಂದ ಒಂದೇ ಹೊಲಕ್ಕೆ ಯಾವ ಗೊಬ್ಬರ ಹಾಕಿದರೆ ಎಷ್ಟು ಗೋಧಿ ಬಂತು ಎಂದು ಬರೆದಿಟ್ಟ ಲೆಕ್ಕ ಇತ್ತು. ಅದನ್ನು ಕೂತು ಕೆದಕಿದರು. ತಾನು ತಿಪ್ಪೆ ಕೆದಕುತ್ತಿದ್ದೇನೆ ಎಂದು ಅವರೇ ತಮಾಷೆ ಮಾಡಿಕೊಂಡದ್ದುಂಟು. ಆ ತಿಪ್ಪೆಯಿಂದ ಎದ್ದದ್ದು ಪ್ರಯೋಗ ವಿನ್ಯಾಸದ ಇಡೀ ಶಾಸ್ತ್ರ. 1925ರ ಅವರ ಪುಸ್ತಕ 0.05 ಅನ್ನು ಲೋಕಪ್ರಸಿದ್ಧ ಮಾಡಿತು. ಎಪ್ಪತ್ತೈದು ವರ್ಷಕ್ಕೂ ಮೀರಿದ ಗೊಬ್ಬರದ ಲೆಕ್ಕದ ಮುಂದೆ ಕೂತವರು ಅವರು. ನಮ್ಮವರು ಅರಳಿಕಟ್ಟೆಯ ಮೇಲೆ ಒಂದು ಮಧ್ಯಾಹ್ನ ಕೂತವರು. ದಶಮಾಂಶ ಬಿಂದು ಮಾತ್ರ ಇಬ್ಬರಿಗೂ ಒಂದೇ.

ಸಂಖ್ಯಾಶಾಸ್ತ್ರ ನಿಜಕ್ಕೂ ನಮ್ಮ ಹೊಲಕ್ಕೆ ಬಂದು ನಮ್ಮ ಹಣೆಬರಹ ಬರೆಯುವುದೂ ಉಂಟು. ಅದರ ಹೆಸರು ಬೆಳೆ ಕಟಾವು ಪ್ರಯೋಗ. ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗೆ ಪಂಚಾಯಿತಿಗೆ ಕನಿಷ್ಠ ನಾಲ್ಕು ತಾಕು. ರಾಗಿಗೆ ತಾಕು ಅಂದರೆ ಐದು ಮೀಟರ್ ಉದ್ದ, ಐದು ಮೀಟರ್ ಅಗಲ. ನಾಲ್ಕೂ ಸೇರಿ ನೂರು ಚದರ ಮೀಟರ್. ಆ ನೂರು ಚದರ ಮೀಟರಿನಲ್ಲಿ ಕೊಯ್ದ ತೆನೆಯ ತೂಕದ ಮೇಲೆ ಇಡೀ ಪಂಚಾಯಿತಿಯ ವಿಮೆ ನಿಂತಿದೆ. ನಿನ್ನ ಹೊಲ ಪೂರ್ತಿ ಒಣಗಿದ್ದರೂ ಆ ತಾಕಿನಲ್ಲಿ ರಾಗಿ ಚೆನ್ನಾಗಿದ್ದರೆ ನಿನ್ನ ಬೆಳೆಯೂ ಚೆನ್ನಾಗಿದೆ. ಸರ್ಕಾರಿ ಲೆಕ್ಕದಲ್ಲಿ.

ನಾಲ್ಕು ತಾಕು ಸಾಕೇ? ಒಂದೇ ಪಂಚಾಯಿತಿಯೊಳಗೆ ಮಳೆ ಬಿದ್ದ ಕಡೆ ಬಿದ್ದು ಬೀಳದ ಕಡೆ ಬೀಳದಿದ್ದರೆ ಈ ಲೆಕ್ಕ ಎಷ್ಟು ತಪ್ಪುತ್ತದೆ? ಸಂಖ್ಯಾಶಾಸ್ತ್ರ ಓದಿದವರು ತಲೆ ಕೆಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೇ? ಆದರೆ ಇದಕ್ಕೆ ಹೊಲ ಸುತ್ತಬೇಕು, ಎರಡು ಮೂರು ಮುಂಗಾರು ಕಾಯಬೇಕು. ಬಡ್ತಿ ಸಮಿತಿ ಮುಂಗಾರು ಕಾಯುವುದಿಲ್ಲ. ತೃಪ್ತಿಯ ಮಟ್ಟವೇ ವಾಸಿ.

ಸಂಖ್ಯಾಶಾಸ್ತ್ರ ಎಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. 1945ರಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನಲ್ಲಿ, ಒಂದು ಪೇಪರ್ ಬರೆದರು. ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಅಚ್ಚಾಯಿತು. ರಟ್ಟಿನ ಮೇಲೆ ಭೂಗೋಳ ಇಲ್ಲ, 'ಅಂತರರಾಷ್ಟ್ರೀಯ' ಇಲ್ಲ. ಪ್ರಪಂಚದ ಸಂಖ್ಯಾಶಾಸ್ತ್ರಜ್ಞರೆಲ್ಲ ಇವತ್ತಿಗೂ ಆ ಪೇಪರಿನ ಹಂಗಿನಲ್ಲಿದ್ದಾರೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಕೊಟ್ಟಾಗ ಅವರಿಗೆ 102 ವರ್ಷ. ಆ ಬುಲೆಟಿನ್ ಯಾವ ಪಟ್ಟಿಯಲ್ಲಿದೆ, ಎಷ್ಟು ಪಾಯಿಂಟ್ ಎಂದು ನಮ್ಮ ಸಮಿತಿ ಅವರನ್ನೂ ಕೇಳುತ್ತಿತ್ತು. ನನಗಂತೂ ಅನುಮಾನವಿಲ್ಲ.

ಪಾಯಿಂಟ್ ಎಲ್ಲಿಂದ ಶುರುವಾಯಿತು ನೋಡಿ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ನಿಯಮ ತಂದಿತು. ಇಷ್ಟು ಪೇಪರಿಗೆ ಇಷ್ಟು ಅಂಕ, ಇಷ್ಟು ಅಂಕಕ್ಕೆ ಇಂಥ ಬಡ್ತಿ. ದಿನಕ್ಕೆ ಮೂರು ನಾಲ್ಕು ಪಾಠ ಮಾಡಿ, ಚುನಾವಣೆ, ಜನಗಣತಿ, ಪರೀಕ್ಷಾ ಡ್ಯೂಟಿಗಳಿಗೂ ಓಡುವ ಡಿಗ್ರಿ ಕಾಲೇಜಿನ ಮೇಷ್ಟ್ರಿಗೂ ಸಂಶೋಧನೆ ಕಡ್ಡಾಯವಾಯಿತು. ಪ್ರಯೋಗಾಲಯ ಕೊಡಲಿಲ್ಲ. ಸಮಯ ಕೊಡಲಿಲ್ಲ. ಗುರಿ ಕೊಟ್ಟರು. ಗುರಿ ಕೊಟ್ಟ ಮೇಲೆ ಅಂಗಡಿ ತೆರೆಯುವವರಿಗೇನು ಬರ? ದುಡ್ಡು ಕೊಟ್ಟರೆ ಎರಡೇ ದಿನದಲ್ಲಿ ಅಚ್ಚು. ಸರ್ಟಿಫಿಕೇಟ್ ಉಚಿತ.

2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಇವರ ಬಣ್ಣ ಬಯಲು ಮಾಡಿದ. ಕಲ್ಲುಹೂವಿನ ಅಂಶದಿಂದ ಕ್ಯಾನ್ಸರಿಗೆ ಮದ್ದು ಎಂದು ಬೇಕೆಂದೇ ತಪ್ಪು ತುಂಬಿದ ಸುಳ್ಳು ಪೇಪರ್ ಬರೆದು 304 ಪತ್ರಿಕೆಗಳಿಗೆ ಕಳಿಸಿದ. 157 ಪತ್ರಿಕೆಗಳು ಒಪ್ಪಿಕೊಂಡವು. ಬಿರಿಯಾನಿಗೆ ಹಾಕುವ ಕಲ್ಲುಹೂವಿಗೆ ಇಷ್ಟು ಮರ್ಯಾದೆ ಯಾವ ಅಡುಗೆ ಭಟ್ಟನೂ ಕೊಟ್ಟಿರಲಾರ.

ನಮ್ಮ ಯುಜಿಸಿ ಸುಮ್ಮನೆ ಕೂತಿತೇ? ಇಲ್ಲ. ಪಟ್ಟಿ ಮಾಡಿತು. ವಿಶ್ವವಿದ್ಯಾಲಯಗಳನ್ನೇ ಕರೆದು, ಒಳ್ಳೆಯ ಪತ್ರಿಕೆಗಳ ಹೆಸರು ಕೊಡಿ ಎಂದಿತು. ಅವರು ತಮ್ಮವರೆಲ್ಲ ಬರೆಯುವ ಪತ್ರಿಕೆಗಳ ಹೆಸರನ್ನೇ ಕೊಟ್ಟರು. ಇನ್ನೇನು ಮಾಡಬೇಕಿತ್ತು? 2018ರಲ್ಲಿ ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ತಂಡ ಆ ಶಿಫಾರಸಿನ ಸಾವಿರಕ್ಕೂ ಮಿಕ್ಕ ಹೆಸರುಗಳನ್ನು ಜಾಲಾಡಿ ಬರೆಯಿತು: ಶೇ 88ಕ್ಕೂ ಹೆಚ್ಚು ಕಳಪೆ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಹೆಸರು ಕಿತ್ತುಹಾಕಿತು. ಅವುಗಳಲ್ಲಿ ಬರೆದು ಬಡ್ತಿ ಪಡೆದವರ ಬಡ್ತಿ? ಅದನ್ನು ಕಿತ್ತುಹಾಕುವಷ್ಟು ಕಟುಕರಲ್ಲ ನಮ್ಮವರು.

ಆಮೇಲೆ 2019ರಲ್ಲಿ ಹೊಸ ಪಟ್ಟಿ ಬಂತು, ಕೇರ್ ಎಂದು ಹೆಸರು. ಕೇರ್ ಪಟ್ಟಿಯ ಪತ್ರಿಕೆಗಳ ಹೆಸರು ಕದ್ದು ನಕಲಿ ತಾಣ ತೆರೆದವರೂ ಬಂದರು. 2025ರ ಫೆಬ್ರುವರಿಯಲ್ಲಿ ಯುಜಿಸಿ ಕೈ ತೊಳೆದುಕೊಂಡಿತು. ಪಟ್ಟಿ ಇಲ್ಲ, ನಿಮ್ಮ ನಿಮ್ಮ ಸಂಸ್ಥೆಗಳೇ ನೋಡಿಕೊಳ್ಳಿ. ಮೊದಲು ಹೆಸರು ಕೊಟ್ಟಿದ್ದರಲ್ಲ, ಆ ಸಂಸ್ಥೆಗಳೇ.

ರಾಗಿ ಕಳೆ ಕೀಳುವಾಗ ನಮ್ಮ ಕಡೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲದಲ್ಲಿ ಅದು ಹೆಚ್ಚುಕಮ್ಮಿ ಸತ್ತಿದೆ. ಕಾಲೇಜುಗಳಲ್ಲಿ ಚೆನ್ನಾಗಿದೆ. ನಿನ್ನ ಪೇಪರಿನಲ್ಲಿ ನನ್ನ ಹೆಸರು, ನನ್ನ ಪೇಪರಿನಲ್ಲಿ ನಿನ್ನ ಹೆಸರು. ನೀನು ನನ್ನನ್ನು ಉಲ್ಲೇಖಿಸು, ನಾನು ನಿನ್ನನ್ನು. ಒಂದೇ ಫರಕು. ಮುಯ್ಯಾಳು ಬಂದವನು ಕಳೆ ಕೀಳುತ್ತಿದ್ದ.

ಇನ್ನು ಆ ನ್ಯಾನೋ ಕಣ. ಒಂದು ಹಿಡಿ ಸೊಪ್ಪು ಕುದಿಸಬೇಕು. ಸೋಸಬೇಕು. ಸಿಲ್ವರ್ ನೈಟ್ರೇಟ್ ಬೆರೆಸಬೇಕು. ತಿಳಿ ಹಳದಿ ನೀರು ಕಂದು ಬಣ್ಣಕ್ಕೆ ತಿರುಗಿದರೆ ಬೆಳ್ಳಿ ಕಣ ಸಿದ್ಧ, ಪೇಪರೂ ಸಿದ್ಧ. ಮೊದಲು ಮಾಡಿ ತೋರಿಸಿದವರಿಗೆ ಅದು ವಿಜ್ಞಾನವೇ. ಆಮೇಲೆ ಬೇವು ಆಯಿತು, ತುಳಸಿ ಆಯಿತು, ಹೊಂಗೆ, ನುಗ್ಗೆ, ಕರಿಬೇವು, ಲಂಟಾನ. ನಮ್ಮ ಬೇಲಿಯಲ್ಲಿ ಸೊಪ್ಪು ಇರುವ ತನಕ ಇವರ ವಸ್ತುವಿಜ್ಞಾನಕ್ಕೆ ಸಾವಿಲ್ಲ. ಕೊನೆಯ ಪ್ಯಾರಾದಲ್ಲಿ ಒಂದು ಮಾತು ಕಡ್ಡಾಯ: ಇದು ಕೃಷಿಗೆ ಬಹಳ ಉಪಯುಕ್ತ. ಯಾವ ಕೃಷಿಗೆ ಎಂದು ಕೇಳಬಾರದು.

ವಸ್ತುವಿಜ್ಞಾನ ನಮ್ಮ ಸೀಮೆಗೆ ಹೊಸದೇನಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆ ಬಂದಾಗ ಇಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. ಆತ ಈಸ್ಟ್ ಇಂಡಿಯಾ ಕಂಪನಿಯ ಆಳು. ಟಿಪ್ಪು ಸತ್ತ ಮರುವರ್ಷ, ಗೆದ್ದ ಸೀಮೆಯಲ್ಲಿ ಏನೇನು ಸಿಗುತ್ತದೆ ಎಂದು ಲೆಕ್ಕ ಹಾಕಲು ಬಂದವನು. ಉದ್ದೇಶ ಒಳ್ಳೆಯದೇನಲ್ಲ. ಆದರೂ ಊರೂರಿಗೆ ಹೋಗಿ, ಕೆಲಸ ಮಾಡುವವರನ್ನೇ ಕೇಳಿ, ಕಂಡದ್ದನ್ನು ಬರೆದ. 1807ರಲ್ಲಿ ಮೂರು ಸಂಪುಟ ಬಂತು. ಸುಲಿಯಲು ಬಂದವನಿಗೆ ಇದ್ದ ಕುತೂಹಲವಾದರೂ ಉದ್ಧಾರಕ್ಕೆಂದು ಬರುವವರಿಗೆ ಬೇಡವೇ?

ಎಲ್ಲ ಸಂಶೋಧನೆಯೂ ಸುಳ್ಳು ಎನ್ನುವಷ್ಟು ಕೃತಘ್ನರಲ್ಲ ನಾವು. ತಿನ್ನುವ ಮುದ್ದೆ ಸುಮ್ಮನಿರುವುದಿಲ್ಲ. ರಾಗಿ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ತನ್ನ ಪರಾಗವನ್ನು ತಾನೇ ಹಚ್ಚಿಕೊಳ್ಳುವ ಬೆಳೆ, ತಳಿ ಬೆರೆಸುವುದು ತಪಸ್ಸು. ಆ ತಪಸ್ಸನ್ನು ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಮಾಡಿದವರು ಲಕ್ಷ್ಮಣಯ್ಯ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಜನ 'ರಾಗಿ ಲಕ್ಷ್ಮಣಯ್ಯ' ಎಂದು ಕರೆದರು. ಆ ಪದವಿಯನ್ನು ಯಾವ ಕುಲಪತಿಯೂ ಕೊಟ್ಟದ್ದಲ್ಲ. ಆಮೇಲೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಜಿಪಿಯು 28 ಬಂತು, ಬೆಂಕಿರೋಗ ತಡೆಯುವ ತಳಿ. ಅದರ ಹೆಸರು ಹೇಳಿದರೆ ನಮ್ಮೂರಿನ ಯಾವ ಬೀಜದಂಗಡಿಯಲ್ಲೂ ಅರ್ಥವಾಗುತ್ತದೆ. ಲೇಖಕರು ಯಾರು, ಯಾವ ಪತ್ರಿಕೆ, ಎಷ್ಟನೇ ಸಂಪುಟ ಎಂದು ಯಾವ ರೈತನೂ ಕೇಳಿಲ್ಲ. ಪೈರು ಓದಿಕೊಂಡಿದ್ದಾನೆ.

ನಮ್ಮ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ರೋಗ ಬಿದ್ದ ಎಲೆ ಹಿಡಿದುಕೊಂಡು ಹೋಗಿ ಕೇಳಬಹುದು. ಎಲೆ ನೋಡಿ, ಇಂಥದ್ದು ಹೊಡಿ, ಇಂಥದ್ದು ಹೊಡೆಯಬೇಡ ಎಂದು ಕನ್ನಡದಲ್ಲಿ ಒಬ್ಬ ರೈತನಿಗೆ ಹೇಳಿ ಕಳಿಸುವ ಕೆಲಸಕ್ಕೆ ಎಷ್ಟು ಪಾಯಿಂಟು? ಅದೇ ಎಲೆಯನ್ನು ಕುದಿಸಿ ಬೆಳ್ಳಿ ಬೆರೆಸಿದರೆ ಎಷ್ಟು?

ಕೊನೆಗೆ ಗ್ರಂಥಾಲಯ. ಇದು ನನಗೆ ಅತಿ ಪ್ರಿಯವಾದ ಪ್ರಹಸನ.

ಶೀರ್ಷಿಕೆ ಎಲ್ಲರದ್ದೂ ಒಂದೇ: ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಓದುವ ಹವ್ಯಾಸ, ಒಂದು ಅಧ್ಯಯನ. ತೀರ್ಮಾನವೂ ಒಂದೇ: ಮೊಬೈಲ್‌ನಿಂದಾಗಿ ಓದು ಕುಸಿದಿದೆ. ಈ ಅಧ್ಯಯನ ನಡೆಯುವುದು ಗೂಗಲ್ ಫಾರ್ಮ್‌ನಲ್ಲಿ, ವಾಟ್ಸಾಪಿನಲ್ಲಿ ಕಳಿಸಿ. ಮೊಬೈಲ್ ಇಲ್ಲದೆ ಪುಸ್ತಕ ಹಿಡಿದು ಕೂತವನು ಸ್ಯಾಂಪಲ್ಲಿಗೇ ಬರುವುದಿಲ್ಲ.

ಹಳ್ಳಿ ಲೈಬ್ರರಿಗೆ ಬಂದು ನೋಡಿದರೆ ಬೇರೆ ಕಥೆ. ಅಲ್ಲಿ ಓದುತ್ತಾರೆ. ಹುಡುಗರು, ಹುಡುಗಿಯರು, ತಲೆ ಎತ್ತದೆ. ಕುವೆಂಪು ಅಲ್ಲ, ಸಾಮಾನ್ಯ ಜ್ಞಾನ. ಪಿಡಿಒ, ಪೊಲೀಸ್ ಕಾನ್‌ಸ್ಟೆಬಲ್, ಪಿಎಸ್‌ಐ. ಹಾಗೆ ಓದಿ 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದರು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ಓದಿದವನಿಗೂ ದುಡ್ಡು ಕೊಟ್ಟವನಿಗೂ ಒಂದೇ ಫಲ. ಓದು ಕುಸಿಯಲು ಕಾರಣ ಮೊಬೈಲ್ ಅಂತೆ.

ಎಸ್.ಆರ್. ರಂಗನಾಥನ್ ಬಾಳಿನ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ, ತರಬೇತಿಯ ಕೇಂದ್ರ ಡಿಆರ್‌ಟಿಸಿ ಕಟ್ಟಿದರು. ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟವರು. ಅದರಲ್ಲೊಂದು ಓದುಗನ ಹೊತ್ತು ಹಾಳು ಮಾಡಬೇಡಿ ಎನ್ನುವಂಥದ್ದು. ನಮ್ಮ ಪತ್ರಿಕೆಗಳು ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿವೆ. ಓದುಗನೇ ಇಲ್ಲ, ಹಾಳಾಗುವ ಹೊತ್ತು ಯಾರದು?

1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ. ನಾವು ಕಟ್ಟಿದ್ದೇವೆ. ಬೆಂಗಳೂರಿನ ಪಾಲಿಕೆ ಜನರಿಂದ ವಸೂಲಿ ಮಾಡಿದ ಈ ಕರವನ್ನು ಗ್ರಂಥಾಲಯ ಇಲಾಖೆಗೆ ದಾಟಿಸದೆ ನೂರಾರು ಕೋಟಿ ಬಾಕಿ ಉಳಿಸಿಕೊಂಡ ಸುದ್ದಿ ವರ್ಷವರ್ಷವೂ ಬರುತ್ತದೆ. ಹಳ್ಳಿ ಲೈಬ್ರರಿಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿ 'ಅರಿವು ಕೇಂದ್ರ' ಎಂದು ಹೆಸರಿಟ್ಟರು. ಒಳ್ಳೆಯ ಹೆಸರು. ಪೇಪರುಗಳ ಕೊನೆಯಲ್ಲಿ ಒಂದು ಶಿಫಾರಸು ಇರುತ್ತದೆ: ಗ್ರಂಥಾಲಯಗಳನ್ನು ಬಲಪಡಿಸಬೇಕು. ಆ ಆರು ಪೈಸೆ ಎಲ್ಲಿ ಹೋಯಿತು ಎಂದು ಹುಡುಕುವ ಪೇಪರ್ ಮಾತ್ರ ಯಾರ ಬಯೋಡೇಟಾದಲ್ಲೂ ಕಾಣೆ.

ಕಳ್ಳ ಪತ್ರಿಕೆಗಳ ಪಟ್ಟಿ ಮಾಡಿ ಜಗತ್ತಿಗೆ ಮೊದಲು ತೋರಿಸಿದವನು ಯಾರು ಗೊತ್ತೇ? ಜೆಫ್ರಿ ಬೀಲ್. ಅಮೆರಿಕದ ಕೊಲರಾಡೊದ ಒಬ್ಬ ಲೈಬ್ರೇರಿಯನ್. ಕುಲಪತಿಯಲ್ಲ, ಆಯೋಗದ ಅಧ್ಯಕ್ಷನಲ್ಲ. ಪತ್ರಿಕೆಗಳನ್ನು ತೆಗೆದು ಓದುವ ಕೆಟ್ಟ ಅಭ್ಯಾಸ ಇದ್ದವನು. 2017ರ ಜನವರಿಯಲ್ಲಿ ಅವನ ಪಟ್ಟಿಯೂ ಮುಚ್ಚಿತು.

ಈ ನಡುವೆ ನಮ್ಮ ಜಿಲ್ಲೆಯ ಸಂಶೋಧಕರಿಗೆ ಸರ್ಕಾರದಿಂದ ಭರ್ಜರಿ ಕೊಡುಗೆ ಬಂದಿದೆ. 2007ರಲ್ಲಿ ನಮ್ಮದು ರಾಮನಗರ ಜಿಲ್ಲೆ ಆಯಿತು. 2025ರ ಮೇ ತಿಂಗಳಲ್ಲಿ ಅದನ್ನು 'ಬೆಂಗಳೂರು ದಕ್ಷಿಣ' ಮಾಡಲು ಸಂಪುಟ ಒಪ್ಪಿತು. 'ರಾಮನಗರ ಜಿಲ್ಲೆಯನ್ನು ವಿಶೇಷವಾಗಿ ಅನುಲಕ್ಷಿಸಿ' ಎಂದು ಮುಗಿಯುವ ಶೀರ್ಷಿಕೆಗಳಿಗೆಲ್ಲ ಪುನರ್ಜನ್ಮ. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳ ಸಮಸ್ಯೆ, ರೇಷ್ಮೆಗೂಡು ಬೆಳೆಗಾರರ ಸಮಸ್ಯೆ, ಮಾವಿನ ಮಾರುಕಟ್ಟೆ ಸಮಸ್ಯೆ. ಸಮಸ್ಯೆಗಳು ಅವೇ ಇವೆ, ಯಾರೂ ಮುಟ್ಟಿಲ್ಲ. ಜಿಲ್ಲೆ ಹೆಸರು ಅಳಿಸಿ ಹೊಸದು ಹಾಕಿದರೆ ಎರಡನೇ ಪೇಪರ್. ಹೊಲಕ್ಕೆ ಬರುವ ಕಷ್ಟವೂ ಇಲ್ಲ.

ಹಾಗಾಗಿ ಅರಳಿಕಟ್ಟೆಯಲ್ಲಿ ಕೂರುವ ನಾವು ಕೆಲವರು ಒಂದು ತೀರ್ಮಾನಕ್ಕೆ ಬಂದಿದ್ದೇವೆ. ಲೇಖಕರು ಪತ್ರಿಕೆಗೆ ದುಡ್ಡು ಕಟ್ಟುತ್ತಾರೆ. ಪತ್ರಿಕೆಯವರು ದುಡಿಯುತ್ತಾರೆ. ಬಡ್ತಿ ಬಂದವರಿಗೆ ಸಂಬಳ ಏರುತ್ತದೆ. ಉತ್ತರ ಕೊಟ್ಟ ನಮಗೆ ಒಂದು ಲೋಟ ಟೀ ಕೂಡ ಇಲ್ಲ. ಇನ್ನು ಹೀಗೆ ನಡೆಯದು.

'ಹೌದು' ಅಥವಾ 'ಇಲ್ಲ' ಎಂಬ ಉತ್ತರಕ್ಕೆ ಐದು ರೂಪಾಯಿ. 'ತೃಪ್ತಿ' ಹತ್ತು. 'ಅತ್ಯಂತ ತೃಪ್ತಿ' ಬೇಕಿದ್ದರೆ ಐವತ್ತು, ಸುಳ್ಳು ಹೇಳುವುದಕ್ಕೆ ಖರ್ಚಿದೆ. ಪಿ ಬೆಲೆ ಎಷ್ಟು ಬರಬೇಕು ಎಂದು ಮೊದಲೇ ತಿಳಿಸಿದರೆ ಅದಕ್ಕೆ ಹೊಂದುವಂತೆ ಊರಿನವರೆಲ್ಲ ಸೇರಿ ಉತ್ತರ ಕೊಡಲಾಗುವುದು, ಅದು ಪ್ಯಾಕೇಜ್. ಹಂದಿ ಕಾಟದ ಬಗ್ಗೆ ಕೇಳಿದರೆ ಪೂರ್ತಿ ಉಚಿತ, ಮೇಲೆ ಮುದ್ದೆ ಊಟ. ಸೊಪ್ಪು ಕೀಳುವವರು ಬೇಲಿಯ ಮಾಲೀಕರನ್ನು ಮೊದಲ ಲೇಖಕರನ್ನಾಗಿ ಹಾಕಬೇಕು. ಪೇಪರ್ ಅಚ್ಚಾದ ಮೇಲೆ ಅದನ್ನು ಕನ್ನಡದಲ್ಲಿ ನಮ್ಮ ಮುಂದೆ ಓದಿ ಹೇಳಬೇಕು, ಬರೆದವರೇ, ನಡುವೆ ನೀರು ಕುಡಿಯದೆ. ಓದಲು ಬಾರದಿದ್ದರೆ ದಂಡ ಬೇರೆ.

ಸರ್ಟಿಫಿಕೇಟ್ ನಾವೂ ಕೊಡುತ್ತೇವೆ. ಲ್ಯಾಮಿನೇಷನ್ ಚಾರ್ಜ್ ಪ್ರತ್ಯೇಕ.